ಬೈಂಡಿಂಗ್‌ಗೆ ಹೋದ ಪುಸ್ತಕ

ಆ ಕಾಲೇಜಿನ ಲೈಬ್ರೇರಿಯನ್ನಿಗೆ ಹುಡುಗರು ಇಟ್ಟ ಹೆಸರು ‘ಅಡಿಟಿಪ್ಪಣಿ ಸಾರ್’. ಯಾರೇ ಇತಿಹಾಸದ ಪ್ರಾಜೆಕ್ಟ್ ಹಿಡಿದುಕೊಂಡು ಬರಲಿ, ಇವರದು ಒಂದೇ ಪಾಠ. “ಫೋನಲ್ಲಿ ಸಿಕ್ಕಿದ್ದೆಲ್ಲ ಆಧಾರ ಅಲ್ಲಪ್ಪ. ವಿಷಯ ಗೊತ್ತಿರೋ ವಿದ್ವಾಂಸರು ಬರೆದಿರಬೇಕು, ಅದನ್ನ ಇನ್ನೊಬ್ಬ ವಿದ್ವಾಂಸರು ಓದಿ ಒಪ್ಪಿರಬೇಕು, ಪುಟದ ಕೆಳಗೆ ಅಡಿಟಿಪ್ಪಣಿ ಇರಬೇಕು. ಮನೇಲಿ ಅಜ್ಜಿ ಹೇಳಿದ್ಲು, ಪಕ್ಕದ ಮನೆ ಮಾವ ಹೇಳಿದ ಅಂತ ನನ್ನ ಹತ್ರ ಬರಬೇಡ.” ಹೇಳಿ ಹೇಳಿ ಹುಡುಗರ ತಲೆ ತಿಂದುಬಿಡುತ್ತಿದ್ದರು. ಹಾಗಂತ ಯಾರನ್ನೂ ಬರಿಗೈಲಿ ಕಳಿಸಿದವರಲ್ಲ. ಏಣಿ ಹತ್ತಿ, ಧೂಳು ಕುಡಿದು, ಸೀನುತ್ತ ಸೀನುತ್ತಲೇ ಹುಡುಕಿಕೊಡುವರು.

ಸಿಗದ ಪುಸ್ತಕಕ್ಕೆ ಮಾತ್ರ ಒಂದು ಸಿದ್ಧ ಉತ್ತರವಿತ್ತು: “ಬೈಂಡಿಂಗ್‌ಗೆ ಹೋಗಿದೆ.” ಕಳೆದುಹೋಗಿರಲಿ, ಗೆದ್ದಲು ತಿಂದಿರಲಿ, ಪ್ರಿನ್ಸಿಪಾಲರು ಮನೆಗೆ ಒಯ್ದು ಮರೆತಿರಲಿ, ಎಲ್ಲವೂ ಬೈಂಡಿಂಗ್‌ಗೇ ಹೋಗಿರುತ್ತಿದ್ದವು. ಈ ಮಾತು ಅವರ ಮನೆಗೂ ಬಂದು ಸೇರಿಕೊಂಡಿತ್ತು. ಸಕ್ಕರೆ ಮುಗಿದರೆ ಹೆಂಡತಿ ಖಾಲಿ ಡಬ್ಬ ಬೋರಲು ಹಿಡಿದು, “ಸಕ್ಕರೆ ಬೈಂಡಿಂಗ್‌ಗೆ ಹೋಗಿದೆ ಕಣ್ರೀ” ಅನ್ನುವರು. ಮಗಳು ಬಿದ್ದು ಬಿದ್ದು ನಗುವಳು. ಮಗಳು ಇದ್ದ ಕಾಲದ ಮಾತು ಇದು.

ಒಬ್ಬಳೇ ಮಗಳು. ಇತಿಹಾಸ ಓದಿ ಸಂಶೋಧನೆಗೆ ಸೇರಿದ್ದಳು. ಊರ ಹೊಳೆಗೆ ಸೇತುವೆ ಬಂದಾಗ ದೋಣಿ ನಡೆಸುತ್ತಿದ್ದವರು ಏನಾದರು ಅನ್ನುವುದರ ಮೇಲೆ ಒಂದು ಲೇಖನ ಬರೆದಳು. ವಿದ್ವಾಂಸರ ಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು. ಎರಡನೆಯದಕ್ಕೆ ಕೈ ಹಚ್ಚುವಷ್ಟರಲ್ಲಿ ಜ್ವರ ಬಂತು. ಹಾಳು ಜ್ವರ, ಬಂದದ್ದು ಅವಳನ್ನು ಕರೆದುಕೊಂಡೇ ಹೋಯಿತು. ಅವಳದು ಅಂತ ಉಳಿದದ್ದು ಆ ನಾಲ್ಕಾರು ಹಾಳೆ.

ಯಾರಾದರೂ ಒಬ್ಬರು, ಎಲ್ಲಾದರೂ ಒಂದು ಅಡಿಟಿಪ್ಪಣಿಯಲ್ಲಿ ಅವಳ ಹೆಸರು ಬರೆಯಲಿ ಅನ್ನುವುದಷ್ಟೇ ಗಂಡ ಹೆಂಡಿರ ಆಸೆ. “ಒಬ್ರಾದ್ರೂ ನಮ್ಮ ಪುಟ್ಟೀದನ್ನ ಓದಿದ್ರು ಅಂತ ಗೊತ್ತಾದ್ರೆ ಸಾಕು ಕಣ್ರೀ” ಅನ್ನುವರು ಹೆಂಡತಿ. ಹೊಸ ಪುಸ್ತಕ ಬಂದಾಗಲೆಲ್ಲ ಇವರು ಮೊದಲು ತಿರುವುತ್ತಿದ್ದದ್ದು ಆಧಾರಗಳ ಪಟ್ಟಿ ಇರುವ ಕೊನೆಯ ಪುಟಗಳನ್ನೇ.

ಹಾಗೆ ತಿರುವುವಾಗಲೇ ಒಂದು ದಿನ ಇವರು ಕೊನೆಯ ಪುಟ ಬಿಟ್ಟು ಮೊದಲ ಪುಟಕ್ಕೆ ಬಂದರು. ಅದೇ ಸೇತುವೆಯ ಮೇಲೆ ಯಾರೋ ದಪ್ಪ ಪುಸ್ತಕ ಬರೆದಿದ್ದರು. ದೋಣಿಯವರೆಲ್ಲ ಸೇತುವೆ ಕೆಲಸಕ್ಕೆ ಸೇರಿ ಸುಖವಾಗಿದ್ದರು ಅಂತ ಮಗಳು ಬರೆದಿದ್ದಳು. ಅವರನ್ನು ಹೊಡೆದು ಓಡಿಸಿದರು ಅಂತ ಈ ಪುಸ್ತಕ ಕೋರ್ಟಿನ ಹಳೇ ಕಾಗದಗಳನ್ನಿಟ್ಟು ತೋರಿಸುತ್ತಿತ್ತು. ಮಗಳ ಕಾಲಕ್ಕೆ ಆ ಕಾಗದಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಪಾಪ, ಅವಳಾದರೂ ಏನು ಮಾಡಿಯಾಳು? ತಪ್ಪು ಅಂತ ಬೈಯುವುದಕ್ಕಾದರೂ ಅವಳ ಹೆಸರೆತ್ತಿರಲಿಲ್ಲ ಆ ಪುಣ್ಯಾತ್ಮ. ಲೈಬ್ರೇರಿಯನ್ ಪುಸ್ತಕವನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೆಂಡತಿಗೆ ಹೇಳಲಿಲ್ಲ.

ಆಮೇಲೆ ಬಂದಳು ಕೊನೆಯ ವರ್ಷದ ಆ ಹುಡುಗಿ, ದೋಣಿಯವರ ಮೇಲೆ ಪ್ರಾಜೆಕ್ಟ್ ಮಾಡ್ತೀನಿ ಅಂತ. ಇವರು ಮಗಳ ಲೇಖನವಿದ್ದ ಸಂಚಿಕೆಯನ್ನು ಅವಳ ಮುಂದಿಟ್ಟರು. ಬರೆದದ್ದು ತಮ್ಮ ಮಗಳು ಅಂತ ಬಾಯಿಬಿಡಲಿಲ್ಲ.

“ಇದರ ಮೇಲೆ ಇನ್ನೊಂದು ದೊಡ್ಡ ಪುಸ್ತಕ ಇದೆಯಂತಲ್ಲ ಸಾರ್?”

“ಅದು ಬೈಂಡಿಂಗ್‌ಗೆ ಹೋಗಿದೆಯಮ್ಮ.”

ಹುಡುಗಿ ನಂಬಿದಳು. ಕೆಲವು ವಾರ ಕಳೆದು ಬರೆದದ್ದನ್ನು ತಂದು ತೋರಿಸಿದಳು. ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಮಗಳ ಹೆಸರು. ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಅವತ್ತು ಮನೆಗೆ ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ. ಸುದ್ದಿ ಕೇಳಿ ಹೆಂಡತಿ ಅಡುಗೆಮನೆಯ ಬಾಗಿಲಿಗೇ ಕೂತುಬಿಟ್ಟರು. “ಪೂರ್ತಿ ಆದ್ಮೇಲೆ ಒಂದಿನದ ಮಟ್ಟಿಗೆ ಇಸ್ಕೊಂಡು ಬನ್ರೀ. ಅವಳ ಹೆಸರ ಮೇಲೆ ಒಂದ್ಸಲ ಬೆರಳಾಡಿಸ್ಬೇಕು.”

ಆ ಸಂತೋಷಕ್ಕೆ ಆಯಸ್ಸು ಕಮ್ಮಿ. ಮರುವಾರ ಹುಡುಗಿ ಓದುವ ಮೇಜಿನಲ್ಲಿ ಪೆನ್ನು ಕಚ್ಚುತ್ತ ಕೂತಿದ್ದಳು. “ಏನಮ್ಮ?” ಅಂದರು.

“ನಮ್ಮಜ್ಜಿ ದೋಣಿಯವರ ಮನೆಯೋಳೇ ಸಾರ್. ತನ್ನ ತಾತನ್ನ ಹೊಡೆದು, ಗುಡಿಸಲಿಗೆ ಬೆಂಕಿ ಇಟ್ಟು ಓಡಿಸಿದ್ರು ಅಂತಾಳೆ. ಮನೆ ಮಾತು ಆಧಾರ ಅಲ್ಲ ಅಂತ ನೀವೇ ಹೇಳಿದ್ರಲ್ಲ, ಅದನ್ನ ಹೊಡೆದುಹಾಕ್ದೆ. ಸುಖವಾಗಿದ್ರು ಅಂತ ಬರೆದಿರೋದನ್ನ ಓದಿ ಹೇಳ್ದಾಗ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಳು.”

ಇವರು ಎದ್ದು ಕಿಟಕಿಯ ಹತ್ತಿರ ಹೋದರು, ಬಂದರು, ಕೂತರು. ತನ್ನ ಮಗಳ ಹೆಸರು ಉಳಿಯಲಿ ಅಂತ ಇನ್ನೊಬ್ಬರ ಮನೆ ಮುದುಕಿಯನ್ನು ಸುಳ್ಳಿ ಮಾಡಬಹುದೇ? ಪುಟ್ಟಿ ಬದುಕಿದ್ದರೆ ತಾನೇ ಓಡಿಬಂದು ತಿದ್ದುತ್ತಿದ್ದಳು, ಅಪ್ಪನ ಕಿವಿಯನ್ನೂ ಹಿಂಡುತ್ತಿದ್ದಳು. ಬೀರುವಿನ ಬೀಗ ತೆಗೆದು ದಪ್ಪ ಪುಸ್ತಕವನ್ನು ಹುಡುಗಿಯ ಕೈಗಿಟ್ಟರು.

“ಬೈಂಡಿಂಗ್ ಮುಗಿದು ಬಂತಾ ಸಾರ್?” ಹುಡುಗಿಯ ಮುಖ ಊರಗಲವಾಯಿತು.

“ಬಂತಮ್ಮ. ಓದು. ನಿಮ್ಮಜ್ಜಿ ಹೇಳಿದ್ದು ನಿಜ.”

ಹುಡುಗಿ ಮತ್ತೆ ಬರೆದು ತಂದಳು. ಚೆನ್ನಾಗಿ ಬರೆದಿದ್ದಳು. ಇವರು ಮಾತ್ರ ಓದದೆ ಪುಟಗಳ ಬುಡವನ್ನಷ್ಟೇ ನೋಡುತ್ತ ಹೋದರು, ಮತ್ತೆ ಮೊದಲಿಂದ ನೋಡಿದರು. ದಪ್ಪ ಪುಸ್ತಕದ ಹೆಸರು ಎಲ್ಲ ಕಡೆ ಇತ್ತು.

“ಆ ಹಳೇ ಲೇಖನ?”

“ಅದು ತಪ್ಪಲ್ವಾ ಸಾರ್, ತೆಗೆದುಬಿಟ್ಟೆ.”

“ತಪ್ಪಿದ್ದವರ ಹೆಸರನ್ನೂ ಹೇಳಬೇಕಮ್ಮ. ಇಂಥವರು ಹೀಗೆ ಅಂದಿದ್ದರು, ಅದು ಸರಿಯಲ್ಲ ಅಂತ... ಒಂದು ಸಾಲು ಸಾಕು.” ಅವರ ದನಿ ಬೇಡುವವರ ದನಿಯಾಗಿತ್ತು.

“ನಾನೂ ಬರೆದಿದ್ದೆ ಸಾರ್. ನಮ್ಮ ಗೈಡ್ ಮೇಷ್ಟ್ರು ಬೇಡ ಅಂದ್ರು, ಪುಟ ಜಾಸ್ತಿ ಆಯ್ತಂತೆ. ಆ ಲೇಖನ ಯಾರಿಗೂ ಗೊತ್ತಿಲ್ಲ, ಬಿಟ್ರೆ ನಷ್ಟ ಇಲ್ಲ ಅಂದ್ರು.”

“ಸರಿ ಬಿಡಮ್ಮ. ನಿಮ್ಮಜ್ಜಿಗೆ ಮೊದಲು ಓದಿ ಹೇಳು.”

ಅವಳು ಹೋದ ಮೇಲೆ ದಪ್ಪ ಪುಸ್ತಕವನ್ನು ಎಲ್ಲರಿಗೂ ಕಾಣುವ ಕಪಾಟಿನಲ್ಲಿಟ್ಟರು. ಮಗಳ ಸಂಚಿಕೆಯನ್ನು ಅದರ ಪಕ್ಕಕ್ಕೇ ನಿಲ್ಲಿಸಿದರು. ತೆಳ್ಳಗಿನ ಸಂಚಿಕೆ, ನಿಲ್ಲದೆ ಒರಗಿಕೊಂಡಿತು.

ಮನೆಯಲ್ಲಿ ಹೆಂಡತಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಕನ್ನಡಕ ಹಾಕಿಕೊಂಡೇ ಕಾಯುತ್ತಿದ್ದರು.

“ತಂದ್ರಾ?”

ಇವರು ಚಪ್ಪಲಿ ಬಿಡುತ್ತ ಬಗ್ಗಿದವರು ತಲೆ ಎತ್ತಲಿಲ್ಲ.

“ಬೈಂಡಿಂಗ್‌ಗೆ ಹೋಗಿದೆ.”

ಹೆಂಡತಿ ಕನ್ನಡಕ ತೆಗೆದು ಮಡಿಸಿ ಡಬ್ಬಿಯಲ್ಲಿಟ್ಟರು.

“ಕೈಕಾಲು ತೊಳ್ಕೊಂಡು ಬನ್ನಿ,” ಅಂದರು. “ಊಟಕ್ಕೆ ಬಡಿಸ್ತೀನಿ.”