ಬೆನ್ನ ಮೇಲಿನ ಭಂಡಾರ

ಮಂಗಸೂಳಿಯಲ್ಲಿ ಮಾಳಸಿದ್ದ ಪೈಲವಾನನ ಮಗಳು ಭಾಗ್ಯಾ ಅಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಇಪ್ಪತ್ತಾರು ವರ್ಷ, ಹೈಸ್ಕೂಲಿನಲ್ಲಿ ಆಟ ಕಲಿಸುವ ಅತಿಥಿ ಶಿಕ್ಷಕಿ, ಕೊರಳಲ್ಲಿ ಸದಾ ಒಂದು ಸೀಟಿ. ನಡೆದರೆ ಓಡಿದ ಹಾಗೆ, ಮಾತಾಡಿದರೆ ಬೈದ ಹಾಗೆ. ಹಿಂದಿನಿಂದ ನಗುವವರೂ ಎದುರಿಗೆ ಬಂದರೆ 'ಟೀಚರ್ರ' ಎಂದು ದಾರಿ ಬಿಡುತ್ತಾರೆ. ಅಂಥವಳು ಒಂದು ಭಾನುವಾರ ಬೆಳಿಗ್ಗೆ ಮುನ್ನೂರು ಮಂದಿಯ ಎದುರು ಸೀಟಿ ಊದಲು ಉಸಿರು ಸಾಲದೆ ನಿಂತಳಲ್ಲ, ಆ ದಿನದ ಮಾತು ಇದು.

ಅದಕ್ಕೆ ಮೊದಲು ಅವಳ ಅಪ್ಪನನ್ನು ತಿಳಿಯಬೇಕು. ಮಾಳಸಿದ್ದ ಹರೆಯದಲ್ಲಿ ಅಥಣಿಯಿಂದ ಸಾಂಗಲಿಯವರೆಗೆ ಕುಸ್ತಿ ಹಿಡಿದವನು. ಬೆಲ್ಲದ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ಉಂಗುರದ ಬೆರಳು ಅರ್ಧ ಹೋಯಿತು. ಅಲ್ಲಿಂದ ಕುಸ್ತಿ ಬಿಟ್ಟು ತಾಲೀಮು ಎನ್ನುವ ಊರ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ವಸ್ತಾದನಾದ. ಹುಡುಗ ಒಂದು ಒಳ್ಳೆಯ ಡಾವು ಹಾಕಿದರೆ ಸಾಕು, 'ಶಾಬಾಸ್ ಲೇ' ಎಂದು ಆ ಕೈ ಬೆನ್ನಿಗೆ ಬೀಳುತ್ತಿತ್ತು, ಸಪ್ಪಳ ರಸ್ತೆಗೆ ಕೇಳುತ್ತಿತ್ತು. ಭಾಗ್ಯಾ ತಾಲೀಮಿನ ಕಿಟಕಿಯ ಹೊರಗೆ ನಿಂತು ಅವರ ಬಸ್ಕಿ ಬೈಠಕ್ ಎಣಿಸುತ್ತ ಬೆಳೆದಳು. ಒಳಗಿನ ಕೆಂಪು ಮಣ್ಣಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಗೇ ಮೊದಲು ಬಂದು ಪದಕ ತಂದು ತೋರಿಸಿದ ದಿನ, ಅಪ್ಪ ಅದನ್ನು ಆಚೀಚೆ ತಿರುಗಿಸಿ ನೋಡಿ, "ಛಲೋ ಆತು, ಊಟಾ ಮಾಡ ಹೋಗ" ಅಂದ. ಆ ಕೈ ತನ್ನ ಬೆನ್ನಿಗೆ ಒಮ್ಮೆಯೂ ಬೀಳಲಿಲ್ಲವಲ್ಲ ಎಂಬ ನೋವು ಅವಳಿಗೆ ಇವತ್ತಿಗೂ ಇತ್ತು.

ಕೊಲ್ಹಾಪುರದಲ್ಲಿ ಬಿ.ಪಿ.ಎಡ್. ಓದುವಾಗ ಹತ್ತು ದಿನದ ಶಿಬಿರದಲ್ಲಿ ಅವಳು ಆಸ್ಟ್ರೇಲಿಯಾ ದೇಶದ ಒಂದು ಫುಟ್‌ಬಾಲ್ ಕಲಿತಳು. ಅಲ್ಲಿನವರು ಮೈಗೆ ಮೈ ಗುದ್ದಿ ಆಡುವ ಆಟವೇ ಅದು. ಆದರೆ ಇವಳು ಕಲಿತದ್ದು ಹುಡುಗ ಹುಡುಗಿಯರು ಕೂಡಿ, ಮೈ ಮುಟ್ಟದೆ ಆಡುವ ಬಗೆ. ಬರುವಾಗ ಶಿಬಿರದವರು ಒಂದು ಹಳೆಯ ಚೆಂಡು ಕೊಟ್ಟರು. ಅದು ದುಂಡಗಿಲ್ಲ, ಉದ್ದಕ್ಕಿದೆ. ಶಾಲೆಯ ಮೈದಾನದಲ್ಲಿ ಅದನ್ನು ಮೊದಲ ಸಲ ಕಂಡ ಮಾಳಸಿದ್ದ, "ಇದೇನ ಬೇ, ಹುಡುಗೂರ ಕೈಲೆ ತೆಂಗಿನಕಾಯಿ ಒದಸಾಕತ್ತಿ?" ಎಂದು ಕೇಳಿದ್ದ.

ಒಂದು ಕಡೆಗೆ ಒಂಬತ್ತು ಮಂದಿ, ಅದರಲ್ಲಿ ನಾಲ್ವರಾದರೂ ಹುಡುಗಿಯರು ಇರಲೇಬೇಕು. ಎಲ್ಲರ ಸೊಂಟಕ್ಕೂ ಒಂದು ಪಟ್ಟಿ, ಅದಕ್ಕೆ ಎರಡು ಬಟ್ಟೆಯ ಬಾಲ. ಚೆಂಡು ಹಿಡಿದವರ ಬಾಲವನ್ನು ಎದುರಾಳಿ ಚರ್ರನೆ ಕಿತ್ತರೆ ಹಿಡಿದ ಹಾಗೆಯೇ ಲೆಕ್ಕ. ಅವರು ನಿಂತು ಕೂಡಲೇ ಚೆಂಡು ದಾಟಿಸಬೇಕು. ಎಸೆಯುವಂತಿಲ್ಲ, ಕಾಲಲ್ಲಿ ಒದೆಯಬೇಕು ಇಲ್ಲವೆ ಅಂಗೈ ಮೇಲಿಟ್ಟು ಮುಷ್ಟಿಯಿಂದ ಗುದ್ದಬೇಕು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು. ಮೈದಾನದ ಎರಡು ತುದಿಗೂ ನಾಲ್ಕು ನಾಲ್ಕು ಬಿದಿರ ಗಳ. ನಡುವಿನ ಎರಡರ ಮಧ್ಯೆ ಹೋದರೆ ಗೋಲು, ಪಕ್ಕದ ಸಂದಿನಲ್ಲಿ ಹೋದರೆ ಒಂದೇ ಅಂಕ. ಹುಡುಗ ಹೊಡೆದರೆ ಆರು ಅಂಕ, ಹುಡುಗಿ ಹೊಡೆದರೆ ಒಂಬತ್ತು. ಈ ಒಂಬತ್ತು ಕೇಳಿಯೇ ಹುಡುಗಿಯರು ಬಂದು ಸೇರಿದ್ದರು.

ಎಲ್ಲರಿಗಿಂತ ಚೆನ್ನಾಗಿ ಆಡುವವಳು ಒಂಬತ್ತನೆಯ ಇಯತ್ತೆಯ ಕಾಜಲ, ಶಿರಗುಪ್ಪಿ ರಸ್ತೆಯ ಜೈನರ ತೋಟದ ಮನೆಯವಳು. ಆ ಮನೆಯಲ್ಲಿ ಅವಳ ಅಜ್ಜಿ ತಾರಾಬಾಯಿಯ ಮಾತೇ ಮಾತು. ಮುಂದಿನ ತಿಂಗಳು ಕೊಲ್ಹಾಪುರದ ಪಂದ್ಯಕ್ಕೆ ತಂಡ ಹೋಗಬೇಕೆಂದಾಗ ತಾರಾಬಾಯಿ ಭಾಗ್ಯಾಳನ್ನು ಮನೆಗೆ ಕರೆಸಿದರು. ಊರ ಪರವಾಗಿ ಮಾಳಸಿದ್ದನೂ ಬಂದು ಕಟ್ಟೆಯ ಮೇಲೆ ಕುಳಿತಿದ್ದ.

"ಟೀಚರ್ರ, ಹುಡುಗೂರ ಕೈ ಹತ್ತೂದಿಲ್ಲ ಅಂತ ನೀವ ಅಂತೀರಿ. ಗ್ಯಾರಂಟಿ ಯಾರ ಕೊಡ್ತಾರ?" ಅಂದರು ತಾರಾಬಾಯಿ. "ನನ್ನ ಮೊಮ್ಮಗಳ ಹೋಗಲಿಲ್ಲಂದ್ರ ಉಳದ ಹುಡಿಗ್ಯಾರನ್ನೂ ಯಾರೂ ಕಳಸೂದಿಲ್ಲ, ಅದು ನಿಮಗೂ ಗೊತ್ತೈತಿ."

ಭಾಗ್ಯಾ ಬಾಯಿ ತೆರೆಯುವಷ್ಟರಲ್ಲಿ ಮಾಳಸಿದ್ದ ಅಂದ, "ಗ್ಯಾರಂಟಿ ಭಂಡಾರ ಕೊಡತೈತ್ರಿ ಅಕ್ಕಾರ."

ಭಂಡಾರ ಅಂದರೆ ಮಲ್ಲಯ್ಯನ ಗುಡಿಯ ಅರಿಶಿನ ಪುಡಿ. ಅದನ್ನು ಮುಟ್ಟಿ ಆಣೆ ಮಾಡಿದವನು ಸುಳ್ಳು ಹೇಳಿದನೆಂದರೆ ಆ ಸೀಮೆಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಮಾಳಸಿದ್ದ ಕರಾರು ಹೇಳಿದ: ಭಾನುವಾರ ಶಾಲೆಯ ಮಕ್ಕಳೇ ಎರಡು ತಂಡವಾಗಿ ಊರ ಮುಂದೆ ಆಡಬೇಕು. ಹುಡುಗಿಯರಿಗೆ ಬಿಳಿ ಅಂಗಿ. ಹುಡುಗರು ಮುಟ್ಟುವುದಿಲ್ಲವೆಂದು ಆಣೆ ಮಾಡಿ ಎರಡೂ ಅಂಗೈಗೆ ಭಂಡಾರ ಹಚ್ಚಿಕೊಳ್ಳಬೇಕು. ಒಂದು ಅಂಗಿಯ ಮೇಲೆ ಕೈಗುರುತು ಕಂಡರೂ ಮುಟ್ಟಿದವನು ಮೈದಾನದ ಹೊರಗೆ, ಹುಡುಗಿಯರು ಮನೆಗೆ.

"ಚೆಂಡಿಗೂ ಹಳದಿ ಹತ್ತತೈತಿ, ಪೈಲವಾನ್ರ," ಅಂದರು ತಾರಾಬಾಯಿ.

"ಚೆಂಡಿನ ಕಲೆ ಒರಸಿದಂಗ ಬೀಳತೈತ್ರಿ. ಕೈದು ಬೆರಳ ಬೆರಳ ಬೀಳತೈತಿ. ನಾ ಗುರುತ ಹಿಡೀತೇನಿ."

ಅಪ್ಪ ತನ್ನ ಆಟ ಉಳಿಸುತ್ತಿದ್ದಾನೋ ಮುಗಿಸುತ್ತಿದ್ದಾನೋ ಭಾಗ್ಯಾಳಿಗೆ ತಿಳಿಯಲಿಲ್ಲ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಭಾನುವಾರ ಜನವೋ ಜನ. ಮಾಳಸಿದ್ದ ಭಂಡಾರದ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬೊಬ್ಬ ಹುಡುಗನ ಅಂಗೈಗೂ ತಾನೇ ತಿಕ್ಕಿದ. ಹತ್ತು ಹತ್ತು ನಿಮಿಷದ ನಾಲ್ಕು ಪಾಳಿ, ಪ್ರತಿ ಪಾಳಿಗೂ ಮತ್ತೆ ತಿಕ್ಕುವುದು. ಆಮೇಲೆ ಬಿದಿರ ಗಳಗಳ ಹಿಂದೆ ಹೋಗಿ ನಿಂತ; ಚೆಂಡು ಯಾವ ಸಂದಿನಲ್ಲಿ ಹೋಯಿತೆಂದು ಕೈ ಎತ್ತಿ ತೋರಿಸುವ ಕೆಲಸ ಅವನದೇ. ಭಾಗ್ಯಾ ನಡುವೆ ಸೀಟಿ ಹಿಡಿದು ಓಡಿದಳು. ಅವಳ ಕಣ್ಣು ಚೆಂಡಿನ ಮೇಲೆ ಇರಲೇ ಇಲ್ಲ, ಬಿಳಿ ಅಂಗಿಗಳ ಮೇಲೆ ಇತ್ತು.

ಹುಡುಗರು ಬೆಂಕಿಯ ಸುತ್ತ ಆಡುವವರ ಹಾಗೆ ಆಡಿದರು. ಸಂದೇಶ ಎಂಬ ಹುಡುಗ ಓಡಿ ಬಂದು, ಎದುರಿಗೆ ಹುಡುಗಿ ಕಂಡದ್ದೇ ಓಟ ತಡೆಯಲಾರದೆ ಪಕ್ಕಕ್ಕೆ ಬಿದ್ದು ಮೊಣಕಾಲು ತರಚಿಕೊಂಡ. "ಏ, ಎಮ್ಮಿ ಹಂಗ ಹೊರಳತಾನ ನೋಡ" ಎಂದು ಜನ ನಕ್ಕರು. ಭಾಗ್ಯಾಳಿಗೆ ನಗು ಬರಲಿಲ್ಲ. ಎದುರು ತಂಡದಿಂದ ಕಾಜಲಳನ್ನು ಕಾಯುತ್ತಿದ್ದವನು ಮಾಳೇಶ, ಕುರಿಯವರ ಓಣಿಯ ಹುಡುಗ, ತಾಲೀಮಿಗೂ ಹೋಗುವವನು. ಪ್ರತಿ ಸಲ ಅವನ ಹಳದಿ ಕೈ ಕಾಜಲಳ ಸೊಂಟದ ಬಾಲಕ್ಕೆ ಚಾಚಿದಾಗ ಭಾಗ್ಯಾಳ ಜೀವ ಬಾಯಿಗೆ ಬರುತ್ತಿತ್ತು. ಚರ್ರೆಂದು ಬಾಲವಷ್ಟೇ ಬಂದ ಸಪ್ಪಳ ಕೇಳಿದ ಮೇಲೆ ಉಸಿರು ಬಿಡುತ್ತಿದ್ದಳು.

ಮೂರನೆಯ ಪಾಳಿಯ ಕೊನೆಗೆ ಕಾಜಲ ಗೋಲಿನ ಹತ್ತಿರವೇ ಎತ್ತರದ ಚೆಂಡೊಂದನ್ನು ಗಾಳಿಯಲ್ಲೇ ಹಿಡಿದಳು. ನಾಲ್ಕು ಹೆಜ್ಜೆ ಹಿಂದೆ ಸರಿದು ಒದ್ದಳು. ಚೆಂಡು ನಡುವಿನ ಗಳಗಳ ಸರಿ ಮಧ್ಯೆ ದಾಟಿ ಕಬ್ಬಿನ ಹೊಲಕ್ಕೆ ಬಿತ್ತು. ತಂಡದ ಹುಡುಗಿಯರೆಲ್ಲ ಹೋಗಿ ಅವಳ ಮೇಲೆ ಬಿದ್ದರು, ಗಳಗಳ ಸುತ್ತ ಗದ್ದಲವೆದ್ದಿತು. ಭಾಗ್ಯಾ ಗಡಿಯಾರ ನೋಡಿ ಪಾಳಿ ಮುಗಿಸುವ ಸೀಟಿ ಊದಿ, ಹಲಗೆಯ ಮೇಲೆ ಒಂಬತ್ತು ಬರೆಯಲು ಹೋದಳು.

ಕಾಜಲ ಅಜ್ಜಿಯ ಬಳಿ ನೀರು ಕುಡಿಯಲು ಬಂದಳು. ಕುಡಿದು ತಿರುಗಿದಾಗ ತಾರಾಬಾಯಿಯ ಮುಖ ಕಪ್ಪಿಟ್ಟಿತು.

"ಪೈಲವಾನ್ರ, ಇಲ್ಲೆ ಬರ್ರಿ. ಇದೇನ ನೋಡ್ರಿ."

ಬಿಳಿ ಅಂಗಿಯ ಬೆನ್ನಿಗೆ ಹಳದಿ ಕೈ ಒಂದು ಅಚ್ಚೊತ್ತಿ ಕುಳಿತಿತ್ತು. ಮಾಳಸಿದ್ದ ದೂರದಿಂದಲೇ ಕಂಡು ಹಲ್ಲು ಕಚ್ಚಿದ.

"ಮಾಳ್ಯಾ, ಬಾ ಇಲ್ಲೆ. ಅಕಿನ್ನ ಕಾಯಾವ ನೀ ಇದ್ದಿ."

"ಕಾಕಾ, ಮಲ್ಲಯ್ಯನ ಆಣಿ ಐತ್ರಿ, ನಾ ಮುಟ್ಟಿಲ್ಲ." ಮಾಳೇಶ ಎರಡೂ ಅಂಗೈ ಮುಂದೆ ಚಾಚಿದ.

"ಭಂಡಾರ ಹಚ್ಚಿದ ಕೈಲೆ ಸುಳ್ಳ ಹೇಳಬ್ಯಾಡ ಲೇ."

"ಯಾರ ಮುಟ್ಟಿದ್ರು?" ಎಂದು ತಾರಾಬಾಯಿ ಮೊಮ್ಮಗಳನ್ನು ಕೇಳಿದರು. ಕಾಜಲ ಅಳುವುದೊಂದು ಬಾಕಿ. "ಗೊತ್ತಿಲ್ಲ ಆಯಿ. ಹುಡಿಗ್ಯಾರೆಲ್ಲಾ ಮ್ಯಾಲ ಬಿದ್ದಿದ್ರು, ಬೆನ್ನಿಗೆ ಎಷ್ಟೋ ಕೈ ಬಿದ್ದುವು" ಅಂದಳು. ಮಾಳೇಶನ ತಾಯಿ ಹೊಳೆವ್ವ ಜನರ ನಡುವೆ ಸೆರಗು ಬಾಯಿಗಿಟ್ಟು ನಿಂತಿದ್ದಳು.

ಭಾಗ್ಯಾ ಬಗ್ಗಿ ಆ ಗುರುತು ನೋಡಿದಳು. ಅಗಲವಾದ ಅಂಗೈ, ಹೆಬ್ಬೆರಳು, ತೋರುಬೆರಳು, ನಡುಬೆರಳು. ಮುಂದಿನ ಬೆರಳು ಅರ್ಧಕ್ಕೇ ನಿಂತಿತ್ತು. ಆಮೇಲೆ ಕಿರುಬೆರಳು.

ಕಿಟಕಿಯ ಹೊರಗೆ ನಿಂತು ವರ್ಷಗಟ್ಟಲೆ ನೋಡಿದ ಕೈ ಅದು. ಹೇಳಿದರೆ ಅಪ್ಪನ ಮರ್ಯಾದೆ ಊರ ಮುಂದೆ ಹೋಗುತ್ತದೆ. ಹೇಳದಿದ್ದರೆ ಮಾಳೇಶ ಜೀವನವಿಡೀ ಭಂಡಾರಕ್ಕೆ ಸುಳ್ಳಾಡಿದವನು, ಹುಡುಗಿಯರು ಇವತ್ತೇ ಮನೆಗೆ. ಇವೆರಡರ ಕೆಳಗೆ ಮೂರನೆಯದೂ ಒಂದು ಇತ್ತು, ಅದನ್ನು ಮುಚ್ಚಿಡುವುದೇಕೆ. ಆ ಕೈ ಕಡೆಗೂ ಒಬ್ಬ ಹುಡುಗಿಯ ಬೆನ್ನಿಗೆ ಬಿದ್ದಿದೆ, ಆದರೆ ಅದು ತನ್ನ ಬೆನ್ನಲ್ಲ. ಹದಿನಾಲ್ಕರ ಹುಡುಗಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಮಾಳಸಿದ್ದ ಮಾಳೇಶನ ತೋಳಿಗೆ ಕೈ ಹಾಕಿ ಹೊರಗೆ ನೂಕಲು ಹೊರಟಿದ್ದ.

"ಅಪ್ಪಾ, ಅವನ್ನ ಬಿಡು" ಅಂದಳು ಭಾಗ್ಯಾ. "ನಿನ್ನ ಬಲಗೈ ತೋರಸು."

ಮಾಳಸಿದ್ದ ಮಗಳನ್ನು ನೋಡಿದ. ಅಷ್ಟು ಮಂದಿಯ ಎದುರು ಅವನನ್ನು ಯಾರೂ ಹೀಗೆ ಕೇಳಿದವರಿಲ್ಲ. ಭಾಗ್ಯಾ ಕಣ್ಣು ಕೆಳಗೆ ಮಾಡಲಿಲ್ಲ. ಅವನು ನಿಧಾನಕ್ಕೆ ಅಂಗೈ ಬಿಚ್ಚಿದ, ಹುಡುಗಿಯ ಬೆನ್ನಿಗೆ ತಾಗದಂತೆ ಗುರುತಿನ ಎದುರು ಹಿಡಿದ. ಒಂದೊಂದೇ ಬೆರಳು ನೋಡುತ್ತ ಬಂದು ಅರ್ಧ ಬೆರಳಿನ ಬಳಿ ನಿಂತ.

"ನಂದ ಐತಿ" ಅಂದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಕ್ಕಾರ, ಹುಡುಗಂದಲ್ಲ, ಇದು ನಂದ. ಗೋಲ ನೋಡಿದ್ನಿ, ಕೈ ತಾನ ಹೋಗೇತಿ. ನಲವತ್ತ ವರ್ಷದ ಚಟ, ನನಗ ಖಬರನ ಇಲ್ಲ. ಮಾಳ್ಯಾ, ತಪ್ಪ ಆತಪಾ" ಅಂದ.

ತಾರಾಬಾಯಿ ಆ ಅರ್ಧ ಬೆರಳನ್ನೂ ಮೊಮ್ಮಗಳ ಬೆನ್ನನ್ನೂ ನೋಡಿದರು. "ಅಜ್ಜ ಬೆನ್ನ ಚಪ್ಪರಿಸಿದಾ ಅಂತ ಹುಡಿಗೀನ ಮನಿಗೆ ಒಯ್ದ್ರ ನನಗ ಮಂದಿ ನಗತಾರ" ಅಂದರು. "ಆದ್ರ ಮುಟ್ಟಿದಾವ ಹೊರಗ ಅಂತ ನೀವ ಹೇಳೀರಿ, ಪೈಲವಾನ್ರ."

"ಹೌದ್ರಿ."

"ಹಂಗಾರ ಹೊರಗ ನಡೀರಿ. ಅಕಿ ಆಡ್ತಾಳ."

ಮಾಳಸಿದ್ದ ಭಂಡಾರದ ಚೀಲ ತೆಗೆದು ಮಾಳೇಶನ ಕೈಗೆ ಕೊಟ್ಟ. ಸುಣ್ಣದ ಗೆರೆಯ ಕಡೆಗೆ ನಡೆದ. ಭಾಗ್ಯಾ ಆ ಗೆರೆಯ ಮೇಲೆಯೇ ನಿಂತಿದ್ದಳು. ಅವಳ ಪಕ್ಕಕ್ಕೆ ಬಂದಾಗ ಇನ್ನೂ ಹಳದಿಯಿದ್ದ ಅವನ ಬಲಗೈ ಮೇಲೆದ್ದಿತು, ಅವಳ ಬೆನ್ನಿನವರೆಗೂ ಬಂತು, ಗೇಣು ದೂರ ಇರುವಾಗ ನಿಂತಿತು. ಕೈ ಹಿಂದಕ್ಕೆ ಎಳೆದುಕೊಂಡು ಗೆರೆ ದಾಟಿದ.

"ಆಟ ಮುಗೀಲಿ, ಆಮ್ಯಾಲ" ಅಂದ.

ಇನ್ನೂ ಒಂದು ಪಾಳಿ, ಹತ್ತು ನಿಮಿಷ ಬಾಕಿ ಇತ್ತು. ಭಾಗ್ಯಾ ಸೀಟಿ ತುಟಿಗಿಟ್ಟು ಎರಡು ಸಲ ಊದಿದಳು, ಬರೀ ಗಾಳಿ ಬಂತು. ಮೂರನೆಯ ಸಲಕ್ಕೆ ಸಪ್ಪಳ ಬಂದು ಆಟ ಶುರುವಾಯಿತು.