ಬಂದೂಕಿನ ಬಾಯಿಗೆ ಇಟ್ಟ ಚೆಂಡುಹೂ

ಅಪ್ಪ ತೀರಿಕೊಂಡ ಮೇಲೆ ಮನೆಯ ಹಳೆಯ ಜೋಡುನಳಿಗೆ ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಫಾರ್ಮಿನಲ್ಲಿ ಎರಡು ಕಾಲಂ: ಯಾವ ದೇಶದ್ದು, ಯಾವ ಕಾಲದ್ದು. ಜರ್ಮನಿದು ಅಂತ ಮನೆಯಲ್ಲಿ ಹೇಳುತ್ತಿದ್ದರು, ಕಾಲ ಮಾತ್ರ ಯಾರಿಗೂ ಗೊತ್ತಿಲ್ಲ.

ಪೊಲೀಸ್ ಸ್ಟೇಷನ್ನಿನಿಂದ ಚೀಟಿ ಬರೆಸಿಕೊಂಡು, ಬಂದೂಕನ್ನು ಹಳೇ ಕೌದಿಯಲ್ಲಿ ಸುತ್ತಿ, ಬಾಡಿಗೆ ಕಾರಿನಲ್ಲಿ ಜೇವರ್ಗಿಗೆ ಹೋದೆ. ಅಲ್ಲೊಬ್ಬರು ಮುದುಕರು ಮೊದಲು ಬಂದೂಕು ರಿಪೇರಿ ಮಾಡುತ್ತಿದ್ದರು. ಎಲ್ಲರೂ ಚಾಚಾ ಅನ್ನುತ್ತಾರೆ.

ಆ ಬಂದೂಕು ಕಂಡರೆ ನನಗೆ ಆಗುವುದಿಲ್ಲ. ಘತ್ತರಗಿ ಹತ್ತಿರದ ನಮ್ಮೂರಿನಲ್ಲಿ ಮುತ್ಯಾ, ಅಂದರೆ ಅಪ್ಪನ ಅಪ್ಪ, ತೊಗರಿ ಹೊಲಕ್ಕೆ ನುಗ್ಗಿದ ಹಂದಿಗೆ ಗುಂಡು ಹಾರಿಸಿದಾಗ ಬಂದೂಕೇ ಸಿಡಿದು ಅವರ ಎಡಗೈ ಹೋಯಿತು. ನಾನಿನ್ನೂ ಹುಟ್ಟಿರಲಿಲ್ಲ.

ತಪ್ಪು ಅವ್ವನದು ಅಂತ ತೀರ್ಮಾನವಾಯಿತು.

ಖಂಡೇನವಮಿಗೆ ನಮ್ಮಲ್ಲಿ ಬಂದೂಕಿಗೂ ಪೂಜೆ. ಕುಂಕುಮ ಹಚ್ಚಿ, ನಳಿಗೆಯ ಬಾಯಿಗೆ ಚೆಂಡುಹೂ ಸಿಗಿಸುತ್ತಾರೆ. ಹೊಸ ಸೊಸೆ ಹೂ ತೆಗೆಯಲು ಮರೆತಳು, ಅದು ಒಳಗೆ ಸಿಕ್ಕಿಕೊಂಡು ಬಂದೂಕು ಸಿಡಿಯಿತು... ಹೀಗೆ ಹೇಳಿದ್ದು ನಮ್ಮ ಆಯಿ, ಮುತ್ಯಾನ ಹೆಂಡತಿ.

ಮುತ್ಯಾ ಸಾಯುವ ತನಕ ಅವ್ವನ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ಬಳಗದ ಮದುವೆಗಳಲ್ಲಿ ಅವಳಿಗೆ ಪಾತ್ರೆ ತಿಕ್ಕುವ ಕೆಲಸ ಕೊಡುತ್ತಿದ್ದರು, ಆರತಿ ತಟ್ಟೆ ಕೊಡುತ್ತಿರಲಿಲ್ಲ.

ನಾನೇನು ಕಡಿಮೆಯಲ್ಲ. ಕಾಲೇಜಿನಲ್ಲಿದ್ದಾಗ ಯಾವುದೋ ಜಗಳದಲ್ಲಿ "ಒಂದು ಹೂ ತೆಗೀಲಾಕ ಮರತಾಕಿ, ನನಗೇನ್ ಬುದ್ಧಿ ಹೇಳ್ತಿ?" ಅಂದುಬಿಟ್ಟಿದ್ದೆ. ಅವ್ವ ಹಿಟ್ಟು ನಾದುತ್ತಲೇ ಇದ್ದಳು.

ಚಾಚಾ ನಳಿಗೆ ಬಿಚ್ಚಿ, ಅಡಿಭಾಗಕ್ಕೆ ಸೀಮೆಎಣ್ಣೆ ಹಾಕಿ ತಿಕ್ಕಿದರು. ವರ್ಷಗಟ್ಟಲೆ ಮೆತ್ತಿದ ಕುಂಕುಮ, ಎಣ್ಣೆಜಿಡ್ಡು ಬಿಟ್ಟ ಮೇಲೆ ಸಣ್ಣ ಸಣ್ಣ ಕಿರೀಟದ ಮುದ್ರೆಗಳು ಕಂಡವು. ಒಂದೊಂದರ ಕೆಳಗೆ ಒಂದೊಂದು ಇಂಗ್ಲಿಷ್ ಅಕ್ಷರ. ನಳಿಗೆಯ ಮೈಮೇಲೆ ಹೆಣೆದ ಜಡೆಯ ಹಾಗೆ ಗೆರೆಗಳು.

ಕಿರೀಟ ಜರ್ಮನಿಯದೇ ಅಂತೆ. ಆಮೇಲಿನ ಬಂದೂಕುಗಳ ಮೇಲೆ ಪರೀಕ್ಷೆ ಮಾಡಿದ ತಿಂಗಳು, ವರ್ಷವನ್ನೂ ಒತ್ತುತ್ತಿದ್ದರಂತೆ. ಇದರಲ್ಲಿ ಅದಿಲ್ಲ, ಹಾಗಾಗಿ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು ಇರಬೇಕು ಅಂದರು. ಬರೆದುಕೊಂಡೆ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಚಾಚಾ ಮಾತ್ರ ಸಿಡಿದ ಜಾಗವನ್ನೇ ನೋಡುತ್ತಿದ್ದಾರೆ...

"ಟೀಚರ್ರೇ, ಕಿರೀಟದ ಕೆಳಗ ಎನ್ ಅಕ್ಷರ ಎಲ್ಲೂ ಇಲ್ಲ ನೋಡ್ರಿ. ಹೊಸಾ ಮದ್ದಿಗೆ ಪರೀಕ್ಷೆ ಮಾಡಿದ್ರ ಎನ್ ಒತ್ತತಿದ್ರು. ಇದು ಬರೇ ಕರಿಮದ್ದಿಗೆ ಮಾಡಿದ್ದು. ಹೊಸಾ ಕಾರ್ತೂಸಿನ ಜೋರ್ ತಡಿಯಂಗಿಲ್ಲ."

ಹೂವಿನ ಕಥೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಹೂವಿಂದ ಒಡದಿದ್ರ ಬಾಯಿ ಸೀಳ್ತಿತ್ರಿ. ಬಾಯಿ ಸಲಾಮತ್ ಅದ. ಬುಡದಾಗ ಒಡದದ. ಹೂ ಇಟ್ಟವರದು ಏನೂ ಕಸೂರ್ ಇಲ್ರಿ."

ಸೊಲ್ಲಾಪುರದಿಂದ ಹೊಸ ಕಾರ್ತೂಸು ತರಿಸಿದ್ದು ಮುತ್ಯಾನೇ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಳಂದದ ನಮ್ಮ ಮನೆ ಮುಟ್ಟುವ ತನಕ ಕಾರಿನಲ್ಲಿ ಅತ್ತೆ. ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಅವಳೂ ಅಳುತ್ತಾಳೆ ಅಂದುಕೊಂಡಿದ್ದೆ. ಬೇಳೆ ಆರಿಸುತ್ತಿದ್ದ ಕೈ ನಿಂತಿತು, ಅಷ್ಟೇ.

"ಆ ವರ್ಷ ನಾ ಪೂಜಿನೇ ಮಾಡಿಲ್ಲವಾ. ಮುಟ್ಟಾಗಿ ಹೊರಗ ಕುಂತಿದ್ದೆ. ಹೂ ಇಟ್ಟಾಕಿ ನಿಮ್ಮಾಯಿ."

ಕೂಗಾಡಿದೆ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಯಾಕಿದ್ದೆ ಅಂತ.

"ನಿಮ್ಮಪ್ಪಗ ಒಮ್ಮೆ ಹೇಳಿದ್ದೆ. ನಮ್ಮವ್ವನ ಮ್ಯಾಲ ಹಾಕ್ತಿಯೇನ ಅಂದ್ರು."

ಅವ್ವ ಮತ್ತೆ ಬೇಳೆ ಆರಿಸತೊಡಗಿದಳು.

"ಗಂಡನ ಕೈ ತನ್ನಿಂದನೇ ಹೋತು ಅಂತ ಅಕಿ ದನದ ಕೊಟ್ಟಿಗ್ಯಾಗ ಒಬ್ಬಾಕೇ ಅಳ್ತಿದ್ಲು. ನಾ ನೋಡೀನಿ. ನೀ ಈಗ ಹೇಳಿದ್ದು ಅಕಿಗೆ ಗೊತ್ತಾಗಬೇಕಿತ್ತು."

ಆಯಿ ಹೋಗಿ ಹನ್ನೊಂದು ವರ್ಷವಾಯಿತು. ತಾನೇ ಮಾಡಿದ್ದು ಅಂದುಕೊಂಡೇ ಹೋದಳು.

ಬಂದೂಕನ್ನು ಒಪ್ಪಿಸಿ ಬಂದಿದ್ದೇನೆ. ಫಾರ್ಮಿನ ಎರಡೂ ಕಾಲಂ ಸರಿಯಾಗಿ ತುಂಬಿದ್ದೇನೆ. ಆದರೆ ಕಾಲೇಜಿನ ಆ ಜಗಳದ ದಿನವೇ ತಲೆಯಲ್ಲಿ ಕೂತಿದೆ... ಅವತ್ತು ಬೈಯುವ ಬದಲು, ಅವ್ವಾ ಏನಾಗಿತ್ತು ಅಂತ ಒಂದು ಮಾತು ಕೇಳಬಹುದಿತ್ತು, ಬಂದೂಕನ್ನು ಆಗಲೇ ತಿಳಿದವರಿಗೆ ತೋರಿಸಬಹುದಿತ್ತು.

ಆಯಿ ಆಗಿನ್ನೂ ಇದ್ದಳು.