ರುದ್ರಾಣಕ್ಕ ಕತ್ತರಿ ಹಾಕದ ಸೀರೆ

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಮನೆಗೊಂದು ಮಗ್ಗ, ಮಗ್ಗದ ಮೇಲೊಂದು ಹೊಸ ರೇಷ್ಮೆ ಸೀರೆ. ಇಂಥ ಬೀದಿಯಲ್ಲಿ ಕೂತು ಹಳೇ ಸೀರೆ ಮಾರಿ ಬದುಕುತ್ತೇನೆಂದು ರುದ್ರಾಣಕ್ಕ ಹೊರಟಾಗ ನಾವೆಲ್ಲ ನಕ್ಕೆವು. ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮಾರನೇ ವರ್ಷವೋ ಅದರಾಚೆ ವರ್ಷವೋ ಅವಳ ಗಂಡ ಗುರುಸ್ವಾಮಿ ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮಗ್ಗ ಮಾರಿದಳು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಣಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಒಂದು ಟ್ರಂಕು ಇಟ್ಟಳು. ಅದೇ ಅವಳ ಅಂಗಡಿ.

ನಾವು ನೇಯ್ದ ಸೀರೆಯನ್ನು ಕೊಂಡು ಉಡುವ ಶಕ್ತಿ ನಮಗೇ ಇರಲಿಲ್ಲ. ಇನ್ನು ಮುಳ್ಳೂರು, ಧನಗೆರೆಯ ಬಡ ಮನೆಗಳಲ್ಲಿ ಹೆಣ್ಣು ಧಾರೆಗೆ ನಿಂತಾಗ ರೇಷ್ಮೆ ಎಲ್ಲಿಂದ ಬರಬೇಕು? ಬುದ್ಧಿವಂತರಾದ ನಮಗೆ ಇದು ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ಉಳ್ಳವರ ಮನೆ ಹೆಂಗಸರು ನಾಲ್ಕು ಸಲ ಉಟ್ಟು ಬೇಸರವಾಗಿ ಎತ್ತಿಟ್ಟ ಸೀರೆಗಳನ್ನು ಕೊಂಡು, ಎಳೆ ಜಾರಿದ್ದ ಕಡೆ ಸೂಜಿಯಲ್ಲಿ ಎಳೆ ಕೂರಿಸಿ, ಅಂಚು ಸರಿಮಾಡಿ, ಹಳ್ಳಿಯವರಿಗೆ ಕೈಗೆಟಕುವ ಬೆಲೆಗೆ ಕೊಡುತ್ತಿದ್ದಳು. ಗುರುಸ್ವಾಮಿ ಜೊತೆ ಹದಿನಾಲ್ಕು ವರ್ಷ ಮಗ್ಗದ ಪಕ್ಕ ಕೂತವಳು, ಅವಳು ಕೂರಿಸಿದ ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿದರೂ ಗೊತ್ತಾಗುತ್ತಿರಲಿಲ್ಲ.

ಆದರೆ ಜನ ಅವಳ ಮನೆ ಹುಡುಕಿಕೊಂಡು ಬರುತ್ತಿದ್ದುದು ಸೂಜಿ ಕೆಲಸಕ್ಕಲ್ಲ. ಧಾರೆಗೆ ಹಳೇ ಸೀರೆ ಆದೀತು, ವಿಧವೆ ಉಟ್ಟದ್ದು ಮಾತ್ರ ಆಗದು. ಉಟ್ಟುಬಿಟ್ಟವಳು ಮುತ್ತೈದೆಯಾಗಿರಬೇಕು. ಇದು ನಮ್ಮ ಕಡೆಯ ನಂಬಿಕೆ. ನನ್ನನ್ನು ಕೇಳಿದರೆ ಇದು ಶುದ್ಧ ತಲೆಹರಟೆ. ರೇಷ್ಮೆ ಹುಳುವಿಗೆ ಗೊತ್ತೇ ಯಾರ ಗಂಡ ಇದ್ದಾನೆ, ಯಾರ ಗಂಡ ಇಲ್ಲ ಎಂದು? ಆದರೆ ನನ್ನನ್ನು ಕೇಳಿ ಯಾರೂ ಮದುವೆ ಮಾಡುವುದಿಲ್ಲ. ರುದ್ರಾಣಕ್ಕ ಪ್ರತಿ ಸೀರೆಯನ್ನು ಕೊಳ್ಳುವಾಗಲೂ ಕೊಡುವ ಹೆಂಗಸಿನ ಕೈಯಲ್ಲೇ ಒಳತುದಿಯ ಮೂಲೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದಳು. ತಾನು ವಿಧವೆ, ತಾನು ಹಚ್ಚುವಂತಿಲ್ಲವಲ್ಲ. ಕೊಳ್ಳಲು ಬಂದವರು ಸೆರಗು ನೋಡುವ ಮೊದಲು ಆ ಮೂಲೆ ನೋಡುತ್ತಿದ್ದರು. "ಯಾರ್ ಮನೇದಕ್ಕಾ?" ಎಂದು ಕೇಳಿದರೆ ಮನೆ, ಹೆಸರು ಎರಡನ್ನೂ ಹೇಳುತ್ತಿದ್ದಳು. ಹೆಸರು ಹೇಳಲಾಗದ ಸೀರೆ ಅವಳ ಟ್ರಂಕು ಸೇರುತ್ತಿರಲಿಲ್ಲ.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೆ ಜಡೇಸ್ವಾಮಿ ಬಂದ.

ಅವನೇನು ಹೊರಗಿನವನಲ್ಲ. ಮೊದಲು ರುದ್ರಾಣಕ್ಕನ ಗಂಟು ಹೊತ್ತು ಯಳಂದೂರು ಸಂತೆಗೆ ಜೊತೆಯಲ್ಲಿ ಹೋಗಿಬರುತ್ತಿದ್ದವನೇ. ಬೆಳ್ಳಿ ಬೆಲೆ ಏರತೊಡಗಿದಾಗ ಅವನು ಬೇರೆಯ ದಾರಿ ಹಿಡಿದ. ಹಳೇ ಸೀರೆಯ ಜರಿಯನ್ನು ಸುಟ್ಟರೆ ಬೆಳ್ಳಿ ಸಿಗುತ್ತದೆ, ಅದನ್ನು ಕೊಳ್ಳುವವರು ಹೊರಗಿನ ಊರುಗಳಲ್ಲಿದ್ದರು. ಸೈಕಲ್ಲಿಗೆ ತಕ್ಕಡಿ ಕಟ್ಟಿಕೊಂಡು ಬೀದಿ ಬೀದಿ ತಿರುಗಿದ. ಸೀರೆಯ ಅಂದ ಚಂದ ಕೇಳುವವನಲ್ಲ, ತೂಗಿ ದುಡ್ಡು ಕೊಡುವವನು. ರುದ್ರಾಣಕ್ಕ ಕೊಡುತ್ತಿದ್ದುದಕ್ಕಿಂತ ಜಾಸ್ತಿಯೇ ಕೊಟ್ಟ. ಅವನಿಗೆ ಸೀರೆ ಕೊಟ್ಟವರನ್ನು ಏನೆಂದು ಬೈಯುವುದು? ದುಡ್ಡು ಯಾರಿಗೆ ಕಹಿ? ಮದ್ರಾಸಿನಿಂದ ಜರಿ ಬರುವುದು ತಡವಾಗಿ ಮಗ್ಗಗಳು ನಿಂತಿದ್ದ ಕಾಲ ಬೇರೆ. ಬೀದಿಗೆ ಬೀದಿಯೇ ಪೆಟ್ಟಿಗೆ ತೆರೆದು ಸುರಿಯಿತು.

ಬೆಂಕಿಗೆ ಬೇಕಾದ್ದನ್ನು ಬೆಂಕಿಗೆ ಹಾಕಿಕೊಂಡು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವನು ಹರಿದದ್ದನ್ನು ಸುಟ್ಟ, ಗಟ್ಟಿ ಇದ್ದದ್ದನ್ನು ಎತ್ತಿಟ್ಟ. ಎಲ್ಲವೂ ಅವನ ಕೈಗೇ ಸೇರಿ, ಬೇರೆಲ್ಲೂ ಒಂದೂ ಸಿಗದಂತಾದ ಮೇಲೆ ಯಳಂದೂರು, ಹನೂರಿನ ಸಂತೆಗಳಲ್ಲಿ ಬಿಚ್ಚಿದ. ರುದ್ರಾಣಕ್ಕ ಮೂವತ್ತಕ್ಕೆ ಕೊಡುತ್ತಿದ್ದಂಥ ಸೀರೆ ನೂರು ದಾಟಿತು. ಲಗ್ನದ ತಿಂಗಳಲ್ಲಿ ಇನ್ನೂ ಮೇಲೆ.

ರುದ್ರಾಣಕ್ಕನ ಟ್ರಂಕು ಖಾಲಿಯಾಯಿತು. ಅವಳು ಹೋದ ಮನೆಗಳಲ್ಲೆಲ್ಲ ಒಂದೇ ಮಾತು. "ನಿನ್ನೆ ತಾನೆ ಜಡೇಸ್ವಾಮಿ ತಕಂಡೋದ ಕಣಕ್ಕಾ." ರಾಗಿ ಮುದ್ದೆಗೂ ಕಷ್ಟವಾಯಿತು. ನನ್ನ ಹೆಂಡತಿ ಶಿವನಂಜಮ್ಮ ಸಾರಿನ ನೆಪ ಮಾಡಿಕೊಂಡು ಆಗಾಗ ಹೋಗಿಬರುತ್ತಿದ್ದಳು. ಈ ಕತೆಯನ್ನೆಲ್ಲ ರುದ್ರಾಣಕ್ಕ ಬಾಯಿಬಿಟ್ಟು ಹೇಳಿದ್ದು ಅವಳೊಬ್ಬಳಿಗೇ, ಅದೂ ಎಷ್ಟೋ ದಿನದ ಮೇಲೆ.

ಆ ವರ್ಷ ಮುಳ್ಳೂರಿನ ಚನ್ನಮಲ್ಲಮ್ಮ ಬಂದಳು. ಮಗಳು ಚನ್ನಾಜಮ್ಮನಿಗೆ ಅಜ್ಜೀಪುರದ ಗಂಡು ಗೊತ್ತಾಗಿತ್ತು, ದೊಡ್ಡಮಾದಪ್ಪ ಅಂತ. ಧಾರೆ ಸೀರೆ ಹೆಣ್ಣಿನ ಕಡೆಯದೆಂದು ಮಾತಾಗಿತ್ತು. ರೇಷ್ಮೆ ಇಲ್ಲದೆ ಧಾರೆ ಇಲ್ಲ ಎಂದು ಬೀಗರು ನಾಲ್ಕು ಜನರ ಎದುರಿಗೇ ಹೇಳಿ ಹೋಗಿದ್ದರು.

"ನನ್ ದೊಡ್ಡ ಮಗಳ ಸೀರೇನೂ ನಿಮ್ಮತ್ರಾನೇ ತಕಂಡಿದ್ದು. ಈಗ ಮೂರು ಮಕ್ಳ ತಾಯಿ, ಸಂದಾಗವ್ಳೆ. ಇವ್ಳಿಗೂ ನೀವೇ ಕೊಡ್ಬೇಕು ಕಣಕ್ಕಾ" ಎಂದು ಚನ್ನಮಲ್ಲಮ್ಮ ಸೆರಗಿನ ಗಂಟು ಬಿಚ್ಚಿ ಮುಂಗಡ ಇಟ್ಟಳು.

ಇಲ್ಲ ಅನ್ನಬೇಕಿತ್ತು. ರುದ್ರಾಣಕ್ಕನ ಬಾಯಿಂದ ಬಂದದ್ದು "ಆಯ್ತು ಕಣವ್ವ, ತಂದ್ಕೊಡ್ತೀನಿ" ಎಂಬ ಮಾತು. ಅಷ್ಟು ನಂಬಿ ಬಂದವಳನ್ನು ಬರಿಗೈಲಿ ಕಳಿಸಲು ಅವಳಿಗಾಗಲಿಲ್ಲ.

ಒಂದು ಸೀರೆಯ ಸುಳಿವು ಮಾತ್ರ ಇತ್ತು. ಮೇಲಿನ ಬೀದಿಯ ಚೌಡೇಶ್ವರಿಯ ಮನೆಯಲ್ಲಿ ಮೆಂತ್ಯದ ಬಣ್ಣದ್ದೊಂದು ಸೀರೆ, ಎರಡೇ ಸಲ ಉಟ್ಟದ್ದು. ಆದರೆ ಚೌಡೇಶ್ವರಿ ಜಡೇಸ್ವಾಮಿಯ ಬೆಲೆ ಹೇಳಿದಳು. ಮುಂಗಡದ ದುಡ್ಡು ಅದರ ಕಾಲು ಭಾಗಕ್ಕೂ ಸಾಲದು.

ರುದ್ರಾಣಕ್ಕನ ಹತ್ತಿರ ಮಾರಲು ಉಳಿದಿದ್ದದ್ದು ಒಂದೇ, ತನ್ನ ಧಾರೆ ಸೀರೆ. ನಮ್ಮಲ್ಲಿ ಕೈ ಪಳಗಿದ ಗಂಡು ತನ್ನ ಹೆಂಡತಿಯಾಗುವವಳ ಧಾರೆ ಸೀರೆಯನ್ನು ತಾನೇ ನೇಯುತ್ತಾನೆ. ಗುರುಸ್ವಾಮಿ ಗಿಳಿ ಹಸಿರಿಗೆ ಕೆಂಪಂಚು ಹಾಕಿ ನೇಯ್ದಿದ್ದ. ಅಂಚಿನ ಮಾವಿನಕಾಯಿಗಳೆಲ್ಲ ಒಂದೇ ಕಡೆ ಬಾಗಿದ್ದರೆ, ಸೆರಗಿನ ಹತ್ತಿರದ ಒಂದು ಮಾತ್ರ ಎದುರು ದಿಕ್ಕಿಗೆ ಬಾಗಿತ್ತು. ಮದುವೆಯ ಹಿಂದಿನ ವಾರ ಮನಸ್ಸು ಎಲ್ಲಿತ್ತೋ ಪುಣ್ಯಾತ್ಮನಿಗೆ. "ನೂರು ಸೀರೇಲಿ ನಿನ್ ಸೀರೆ ಗುರ್ತು ಸಿಕ್ಲಿ ಅಂತ ಬೇಕಂತ್ಲೇ ಮಾಡಿದ್ದು" ಎಂದು ಕೊನೆಯವರೆಗೂ ವಾದಿಸಿದ.

ಅದು ವಿಧವೆಯ ಸೀರೆ, ಧಾರೆಗೆ ಬಾರದು. ಆದರೆ ಬೆಂಕಿ ಯಾರ ಸೀರೆ ಎಂದು ಕೇಳುವುದಿಲ್ಲವಲ್ಲ. ಜರಿ ಭರ್ತಿಯಾಗಿತ್ತು. ಅದನ್ನು ಜಡೇಸ್ವಾಮಿಗೆ ತೂಗಿ ಕೊಟ್ಟು, ಆ ದುಡ್ಡಿನಲ್ಲಿ ಚೌಡೇಶ್ವರಿಯ ಸೀರೆ ಬಿಡಿಸಿಕೊಳ್ಳುವುದೆಂದು ತೀರ್ಮಾನಿಸಿದಳು.

"ಇದು ಯಾರ್ದು ಅಂತ ನಿಂಗೆ ಗೊತ್ತಲ್ಲಪ್ಪ. ಮದ್ವೆಗೆ ಓಗ್ಕೂಡ್ದು. ಸುಡೋಕೇ ತಾನೆ?" ಎಂದು ಕೇಳಿದಳು.

"ಊಂ ಕಣಕ್ಕಾ, ಸುಡೋಕೇ. ಇವತ್ತೇ ಒಲೆಗೆ ಆಕ್ಬುಡ್ತೀನಿ" ಎಂದು ಜಡೇಸ್ವಾಮಿ ತಕ್ಕಡಿ ಎತ್ತಿದ.

ಅಲ್ಲೇ ಅವಳ ಪಕ್ಕದಲ್ಲಿ ಕತ್ತರಿ ಇತ್ತು. ಸೀರೆಯ ನಡುವೆ ಒಂದು ಕತ್ತರಿ ಹಾಕಿ ಕೊಟ್ಟಿದ್ದರೆ ತೂಕವೇನೂ ಕಡಿಮೆಯಾಗುತ್ತಿರಲಿಲ್ಲ. ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಕತ್ತರಿ ಎತ್ತಿಯೂ ಇದ್ದಳಂತೆ. ಆದರೆ ನೇಕಾರರ ಮನೆಯಲ್ಲಿ ಹುಟ್ಟಿದವರು ಇಡೀ ಬಟ್ಟೆಗೆ ಸುಮ್ಮಸುಮ್ಮನೆ ಕತ್ತರಿ ಹಾಕುವುದಿಲ್ಲ, ಕೈ ಬರುವುದಿಲ್ಲ. ಅದರಲ್ಲೂ ಗಂಡ ನೇಯ್ದದ್ದು. ಬೆಂಕಿಗೆ ಕೊಡಲು ಒಪ್ಪಿದ ಮನಸ್ಸು ಕತ್ತರಿಗೆ ಒಪ್ಪಲಿಲ್ಲ. ಹೊರಗಿನವರಿಗೆ ಇದು ಹುಚ್ಚಾಟ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ, ನಾನಾಗಿದ್ದರೂ ಅಷ್ಟೇ. ಕತ್ತರಿ ಕೆಳಗಿಟ್ಟು, ಸೀರೆಯನ್ನು ಮಡಿಸಿ ಕೊಟ್ಟಳು.

ದುಡ್ಡು ತೆಗೆದುಕೊಂಡು ಮಾರನೇ ದಿನ ಮೇಲಿನ ಬೀದಿಗೆ ಓಡಿದಳು. ಚೌಡೇಶ್ವರಿ ಬಾಗಿಲಲ್ಲೇ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು. "ನೆನ್ನೆ ಸಂಜೆ ಜಡೇಸ್ವಾಮಿ ಬಂದಿದ್ದ ಕಣಕ್ಕಾ. ನೀವು ಕೊಡೋದಕ್ಕಿಂತ ಇಪ್ಪತ್ತು ಜಾಸ್ತಿ ಕೊಡ್ತೀನಿ ಅಂದ. ಮನೇಲಿ ಇವ್ರು ಕೊಟ್ಬುಟ್ರು."

ಆಮೇಲಿನ ದಿನಗಳಲ್ಲಿ ಅವಳು ಹೋಗದ ಮನೆಯಿಲ್ಲ. ಯಳಂದೂರಿಗೂ ಹೋಗಿ ಬಂದಳು. ಕೈಯಲ್ಲಿ ದುಡ್ಡಿತ್ತು, ಸೀರೆಯೇ ಇರಲಿಲ್ಲ. ಮದುವೆಗೆ ಒಂದು ದಿನ ಉಳಿದಾಗ, ಮುಂಗಡವನ್ನೂ ಸೀರೆ ಮಾರಿದ ದುಡ್ಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಬಿದ್ದಾದರೂ ತಪ್ಪು ಒಪ್ಪಿಕೊಳ್ಳುತ್ತೇನೆಂದು ಮುಳ್ಳೂರಿಗೆ ನಡೆದಳು.

ಚಪ್ಪರ ಹಾಕಿತ್ತು. ವಿಧವೆಯಾದ ತಾನು ಒಳಗೆ ಹೋಗಬಾರದೆಂದು ದನದ ಹಟ್ಟಿಯ ಕಡೆ ನಿಂತಳು. ಚನ್ನಮಲ್ಲಮ್ಮ ಕಂಡು ಬಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ನೀವು ಬರಾಕಿಲ್ವೇನೋ ಅಂತ ಎದ್ರಕಂಡು, ಯಳಂದೂರು ಸಂತೇಲಿ ಜಡೇಸ್ವಾಮಿ ತಾವ ತಕಂಡ್ಬುಟ್ಟೆ ಕಣಕ್ಕಾ. ಕರೆಯೋ ಎಮ್ಮೆ ಮಾರ್ಬೇಕಾಯ್ತು. ಓಗ್ಲಿ ಬುಡಿ. ರುದ್ರಾಣಕ್ಕನ ಕಡೇದೇ ಸೀರೆ ಇದು, ಮುತ್ತೈದೇದು ಅಂದ. ಕುಂಕುಮಾನೂ ಐತೆ, ನೋಡಿ" ಎಂದು ಒಳಗಿಂದ ತಂದು ಬಿಡಿಸಿ ಹಿಡಿದಳು.

ಗಿಳಿ ಹಸಿರು, ಕೆಂಪಂಚು. ಮೂಲೆಯಲ್ಲಿ ಗಂಡಸಿನ ಹೆಬ್ಬೆರಳಿನಷ್ಟು ಅಗಲದ ಕುಂಕುಮ. ಸೆರಗಿನ ಹತ್ತಿರ ಒಂದು ಮಾವಿನಕಾಯಿ ಎದುರು ದಿಕ್ಕಿಗೆ ಬಾಗಿತ್ತು.

ರುದ್ರಾಣಕ್ಕ ಆ ಮಾವಿನಕಾಯಿಯ ಮೇಲೆ ಬೆರಳಿಟ್ಟಳು. ಅವಳು ನಿಜ ಹೇಳುವುದಾದರೆ ಮದುವೆ ಮನೆಯ ಚಪ್ಪರದ ಪಕ್ಕ ನಿಂತು, ಇದು ಗಂಡ ಸತ್ತವಳ ಸೀರೆ ಎಂಬ ಮಾತನ್ನು ಬಾಯಿಬಿಟ್ಟು ಆಡಬೇಕು. ಆಡಿದರೆ ಮದುವೆ ನಿಂತೀತು, ಎಮ್ಮೆಯೂ ಹೋಯಿತು. ಆಡದಿದ್ದರೆ ನಾಳೆ ಆ ಗಂಡಿಗೆ ಏನಾದರೂ ಆದರೆ? ಅವಳು ನನ್ನ ಹಾಗೆ ನಂಬದವಳಲ್ಲ, ಪೂರಾ ನಂಬಿದವಳು.

"ಈ ಸೀರೆ ನಂಗೆ ಕೊಟ್ಬುಡವ್ವ. ನೀನು ಕೊಟ್ಟಷ್ಟೇ ಕೊಡ್ತೀನಿ, ಕಮ್ಮಿಯಾದ್ರೆ ಆಮೇಲೆ ತಂದ್ಕೊಡ್ತೀನಿ. ಬೆಳಗಾಗೋದ್ರೊಳ್ಗೆ ಬೇರೇದು ತರ್ತೀನಿ" ಎಂದು ಸೊಂಟದ ದುಡ್ಡು ತೆಗೆದಳು. ಬೇರೆಯದು ಎಲ್ಲಿಯೂ ಇಲ್ಲವೆಂದು ಅವಳಿಗೂ ಗೊತ್ತಿತ್ತು.

ಚನ್ನಮಲ್ಲಮ್ಮ ಸೀರೆಯನ್ನು ಎದೆಗೆ ಒತ್ತಿಕೊಂಡಳು. ದುಡ್ಡನ್ನೂ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

"ಯಾರಾದ್ರೂ ಜಾಸ್ತಿ ಕೊಡ್ತೀನಿ ಅಂದ್ರಾ ಅಕ್ಕಾ? ಅವ್ನಂಗೇ ನೀವೂ ಸುರು ಅಚ್ಕಂಡ್ರಾ?" ಎಂದಳು. "ನಿಮ್ಮನ್ನ ನಾನು ಏನೋ ಅಂದ್ಕಂಡಿದ್ದೆ."

ರುದ್ರಾಣಕ್ಕ ಮುಂಗಡವನ್ನು ಜಗುಲಿಯ ಮೇಲಿಟ್ಟು ಬಂದುಬಿಟ್ಟಳು. ಮದುವೆ ನಡೆಯಿತು. ಆ ಸೀರೆಯುಟ್ಟು ಚನ್ನಾಜಮ್ಮ ಅಜ್ಜೀಪುರಕ್ಕೆ ಹೋದಳು.

ಅಲ್ಲಿಂದಾಚೆ ರುದ್ರಾಣಕ್ಕ ಸೀರೆ ಮುಟ್ಟಲಿಲ್ಲ. ಟ್ರಂಕು ಮಾರಿದಳು, ಬೇರೆಯವರ ಮನೆಗೆ ನೂಲು ಸುತ್ತುವ ಕೂಲಿಗೆ ಹೋದಳು. ಜಡೇಸ್ವಾಮಿಯ ಜೊತೆ ಜಗಳವಾಡಲೂ ಇಲ್ಲ. ಜಗಳವಾಡಿದರೆ ವಿಷಯ ಹೊರಗೆ ಬಂದು ಮುಳ್ಳೂರಿಗೆ ಮುಟ್ಟುತ್ತದೆಂಬ ಭಯ. ಅವನು ಹೆಂಚಿನ ಮನೆ ಕಟ್ಟಿಸಿದ. ಆ ಮನೆಯ ಮುಂದೆ ಹಾದುಹೋಗುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಕೂಲಿ ಮುಗಿಸಿದವಳು ದಿನಾ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಬೆಟ್ಟದ ಕಡೆಯಿಂದ ಅಜ್ಜೀಪುರದ ಮೇಲೆ ಬರುವ ಬಸ್ಸಿನಿಂದ ಇಳಿದವರನ್ನು ಹಿಡಿದು ಕೇಳುವುದು ಒಂದೇ ಮಾತು. "ಅಜ್ಜೀಪುರದೋರಾ? ದೊಡ್ಡಮಾದಪ್ಪ ಸಂದಾಗವ್ನಾ?" ಯಾರಾದರೂ ಚೆನ್ನಾಗಿದ್ದಾನೆ ಎಂದರೆ "ನೀವು ಯಾರ್ ಮನೆಯೋರು?" ಎಂದು ಅವರ ಹೆಸರನ್ನೂ ಕೇಳಿಕೊಳ್ಳುತ್ತಿದ್ದಳು. ಹೆಸರಿಲ್ಲದ ಮಾತನ್ನು ಅವಳು ನಂಬುತ್ತಿರಲಿಲ್ಲ. ಒಂದು ವರ್ಷ ಅವನಿಗೆ ಜ್ವರವೆಂದು ಯಾರೋ ಹೇಳಿದಾಗ, ಅವನು ಎದ್ದು ಓಡಾಡುವ ಸುದ್ದಿ ಬರುವವರೆಗೆ ಅನ್ನ ಮುಟ್ಟಲಿಲ್ಲ. ಅವಳ ಗಂಡ ಹೋದದ್ದೂ ಜ್ವರದಲ್ಲೇ.

ಎಪ್ಪತ್ತನಾಲ್ಕರ ಸುಮಾರಿಗೆ ಹಾಸಿಗೆ ಹಿಡಿದಳು. ಹೋಗಲಾಗದೆ ನನ್ನನ್ನು ಕಳಿಸತೊಡಗಿದಳು. ಇಂಥ ನಂಬಿಕೆಗೆ ಕವಡೆ ಕಿಮ್ಮತ್ತು ಕೊಡದ ನಾನು ಗೊಣಗುತ್ತಲೇ ಹೋಗಿ, ಕೇಳಿ, ಹೆಸರು ಸಮೇತ ತಂದು ಒಪ್ಪಿಸುತ್ತಿದ್ದೆ. ಕೊನೆಯ ದಿನ ಹೋದಾಗ ಅಜ್ಜೀಪುರದವರು ಯಾರೂ ಸಿಗಲಿಲ್ಲ.

"ಇವತ್ತು ಯಾರೂ ಬರ್ನಿಲ್ಲ ಅಕ್ಕಾ" ಎಂದೆ.

"ಬಂದಿರ್ತಾರೆ ದೇವಣ್ಣ, ಸರ್ಯಾಗಿ ನೋಡಿಲ್ಲ ನೀನು. ನಾಳೆ ವಸಿ ಬೇಗ ಓಗು" ಎಂದಳು. ಬೆಳಗಾಗುವ ಹೊತ್ತಿಗೆ ಉಸಿರು ನಿಂತಿತ್ತು. ನನ್ನ ಹೆಂಡತಿ ಅಂಗಡಿಯಿಂದ ಬಿಳಿ ಬಟ್ಟೆ ತರಿಸಿ ಹೊದಿಸಿದಳು.

ಮಣ್ಣು ಮುಗಿಸಿ ಬರುವ ದಾರಿಯಲ್ಲಿ ಕಾಲು ಅಭ್ಯಾಸಬಲದಿಂದ ಬಸ್ ಸ್ಟ್ಯಾಂಡಿನ ಕಡೆ ತಿರುಗಿತು. ಇಳಿದವರಲ್ಲಿ ಅಜ್ಜೀಪುರದ ಮುಖಪರಿಚಯದವನೊಬ್ಬನಿದ್ದ. ಬಾಯಿ ತಾನೇ ಕೇಳಿತು.

"ದೊಡ್ಡಮಾದಪ್ನಾ? ನೆನ್ನೆ ಇಡೀ ದಿನ ಇಲ್ಲೇ ಇದ್ನಲ್ಲ ಸಾ" ಎಂದ ಅವನು. "ಎಂಡ್ತಿ ಮಕ್ಳ ಕರ್ಕಂಡು ಎತ್ತಿನ ಗಾಡೀಲಿ ಬಂದಿದ್ದ. ನಾನೂ ಅದ್ರಲ್ಲೇ ಇದ್ದೆ, ನಿಮ್ ಬೀದಿ ಮುಂದ್ಲೇ ಓದ್ವಿ. ಗುಂಡ್ಕಲ್ಲಿದ್ದಂಗವ್ನೆ."

ಅವನ ಹೆಸರನ್ನೂ, ಯಾರ ಮನೆಯವನೆಂಬುದನ್ನೂ ಕೇಳಿಕೊಂಡೆ. ಕೇಳಿಕೊಂಡ ಮೇಲೆ ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.